ಯಾರದೂ ಅಲ್ಲದ ಅಚ್ಚು

ನಮ್ಮ ವಸ್ತುಸಂಗ್ರಹಾಲಯದ ನೆಲಮಹಡಿಯಲ್ಲಿ, ತಿಮಿಂಗಿಲದ ಮೂಳೆಗಳನ್ನು ದಾಟಿ ಶೌಚಾಲಯಕ್ಕೆ ತಿರುಗುವ ಮೂಲೆಯಲ್ಲಿ, ಗಂಡಹೆಂಡಿರಿಬ್ಬರು ಸಂಸಾರ ಹೂಡಿದ್ದಾರೆ. ಗಂಡ ಹೆಗಲ ಮೇಲೆ ಜಿಂಕೆಯ ತೊಡೆ ಹೊತ್ತು ಗವಿಯೊಳಗೆ ಕಾಲಿಡುತ್ತಿದ್ದಾನೆ. ಹೆಂಡತಿ ಬೆಂಕಿಯ ಮುಂದೆ ಕೂತು, ತಲೆಯೆತ್ತಿ ಅವನನ್ನೇ ನೋಡುತ್ತಿದ್ದಾಳೆ. ಬೆಂಕಿ ಎಂದರೆ ಕೆಂಪು ಕಾಗದ ಸುತ್ತಿದ ಬಲ್ಬು; ಜಿಂಕೆಯ ತೊಡೆ ಎಂದರೆ ಬಣ್ಣ ಬಳಿದ ಹತ್ತಿಯ ಗಂಟು. ಹತ್ತೊಂಬತ್ತು ವರ್ಷದಿಂದ ಅವನು ಒಳಗೆ ಬರುತ್ತಲೇ ಇದ್ದಾನೆ, ಬಂದು ಸೇರಿದ್ದು ಮಾತ್ರ ಇಲ್ಲ.

ಇವರನ್ನು ನೋಡಲೆಂದೇ ಬರುವವರು ಕಡಿಮೆ. ಶೌಚಾಲಯ ಹುಡುಕುತ್ತ ಬಂದವರು ಎದುರು ಸಿಕ್ಕರಲ್ಲ ಎಂದು ಎರಡು ನಿಮಿಷ ನಿಲ್ಲುತ್ತಾರೆ. ನಿಂತವರೆಲ್ಲರ ಪ್ರಶ್ನೆಯೂ ಒಂದೇ: "ದೊಣ್ಣೆ ಎಲ್ಲಿ? ಹೆಂಡತಿ ತಲೆ ಮೇಲೆ ಒಂದು ಬಿಟ್ಟು, ಕೂದಲು ಹಿಡ್ಕೊಂಡು ಎಳ್ಕೊಂಡು ಹೋಗ್ತಿದ್ರಂತಲ್ಲ?" ಹಾಗೆ ಎಳೆದುಕೊಂಡು ಹೋದದ್ದಕ್ಕೆ ಸಾಕ್ಷಿ ಸಿಕ್ಕಿಲ್ಲ, ಅದು ವ್ಯಂಗ್ಯಚಿತ್ರ ಬರೆಯುವವರ ಕಿತಾಪತಿ. ಇಲ್ಲಿನ ಫಲಕಗಳನ್ನು ಬರೆಯುವವನು ನಾನು. "ಆ ಕಾಲದವರು ಹೇಗೆ ಜೊತೆಗೂಡುತ್ತಿದ್ದರು ಎಂಬುದು ನಮಗೆ ಖಚಿತವಾಗಿ ತಿಳಿಯದು" ಎಂದು ಪ್ರಾಮಾಣಿಕವಾಗಿ ಬರೆದಿದ್ದೆ. ಆಗಿನ ನಿರ್ದೇಶಕರು ಅದನ್ನು ಹೊಡೆದುಹಾಕಿ, "ಗೊತ್ತಿಲ್ಲ ಅಂತ ಬರೆಯೋಕೂ ನಿಮಗೆ ಸಂಬಳ ಕೊಡಬೇಕೇನ್ರೀ?" ಎಂದರು. ಈಗ ಅಲ್ಲಿ "ಶಿಲಾಯುಗದ ಸುಖೀ ಕುಟುಂಬ" ಎಂದಿದೆ.

ಈ ಸುಖೀ ಗಂಡನ ಮುಖ ನಮ್ಮ ಗವಿರಾಯನದು.

ಗವಿರಾಯ ಎಂಬುದು ಅವನಿಗೆ ಹೆತ್ತವರಿಟ್ಟ ಹೆಸರಲ್ಲ, ನಾವಿಟ್ಟದ್ದು. ಗೊಂಬೆ ವಿಭಾಗದ ಮುಖ್ಯಸ್ಥ, ಉಪಮುಖ್ಯಸ್ಥ, ಸಿಬ್ಬಂದಿ, ಕಸ ಗುಡಿಸುವವ ಎಲ್ಲ ಅವನೊಬ್ಬನೇ. ನರಿಯ ಬಾಲಕ್ಕೆ ಹುಳ ಹಿಡಿದರೆ ಅವನನ್ನೇ ಕರೆಯಬೇಕು, ಗೂಬೆಯ ಕಣ್ಣು ಉದುರಿದರೆ ಅವನನ್ನೇ. ಗವಿಯ ದೃಶ್ಯ ಕಟ್ಟುವಾಗ ಹೊರಗಿನ ಶಿಲ್ಪಿ ಕೇಳಿದ ಮೊತ್ತಕ್ಕೆ ನಿರ್ದೇಶಕರು ಕುರ್ಚಿಯಿಂದ ಅರ್ಧ ಎದ್ದುಬಿಟ್ಟರಂತೆ. ಮೂವತ್ತು ಸಾವಿರ ವರ್ಷದ ಹಿಂದಿನ ಮನುಷ್ಯನ ಮುಖ ಹೆಚ್ಚುಕಡಿಮೆ ನಮ್ಮಂತೆಯೇ ಇತ್ತೆಂದು ಯಾರೋ ಹೇಳಿದ್ದೇ ತಡ, "ಹಾಗಾದ್ರೆ ನಮ್ಮೋರದ್ದೇ ಅಚ್ಚು ತೆಗೀರಿ" ಎಂದು ಅಪ್ಪಣೆಯಾಯಿತು. ಗಂಡಸಿಗೆ ಗೊಂಬೆಯವನೇ ಸಿಕ್ಕ. ಹೆಂಗಸಿಗೆ ಕಚೇರಿಯ ಟೈಪಿಸ್ಟ್.

ಅಚ್ಚು ತೆಗೆಯುವುದು ಹೇಗೆಂದು ತಿಳಿಯದವರಿಗೆ ಹೇಳಿಬಿಡುತ್ತೇನೆ. ಹುಬ್ಬಿಗೂ ರೆಪ್ಪೆಗೂ ವ್ಯಾಸಲೀನ್ ಮೆತ್ತಿ, ಮೂಗಿನ ಹೊಳ್ಳೆಗಳಿಗೆ ಎರಡು ಕೊಳವೆ ಸಿಕ್ಕಿಸಿ, ಮುಖದ ತುಂಬ ಕಲಸಿದ ಪ್ಲಾಸ್ಟರ್ ಸುರಿಯುತ್ತಾರೆ. ಅದು ಗಟ್ಟಿಯಾಗುವವರೆಗೆ ಮಲಗಿದವರು ಮಾತಾಡುವಂತಿಲ್ಲ, ನಗುವಂತಿಲ್ಲ, ಏನೂ ಕಾಣಿಸುವುದಿಲ್ಲ. ಗಟ್ಟಿಯಾಗುತ್ತ ಪ್ಲಾಸ್ಟರ್ ಬಿಸಿಯಾಗುತ್ತದೆ. ಆಗ ಒಳಗಿದ್ದವರಿಗೆ ದಿಗಿಲು. ಅದಕ್ಕೇ ಒಬ್ಬರು ಪಕ್ಕದಲ್ಲಿ ಕೂತು ಕೈ ಹಿಡಿದಿರಬೇಕು. ಒಂದು ಸಲ ಒತ್ತಿದರೆ ಸರಿಯಿದ್ದೇನೆ ಎಂದರ್ಥ, ಎರಡು ಸಲ ಒತ್ತಿದರೆ ತೆಗೆಯಿರಿ ಎಂದರ್ಥ. ಟೈಪಿಸ್ಟ್ ಮಲಗಿದಾಗ ಕೈ ಹಿಡಿದವನು ಗವಿರಾಯ. ಅವಳು ಆಗಾಗ ಒಮ್ಮೊಮ್ಮೆ ಒತ್ತುತ್ತಿದ್ದಳು. ಅವನ ಬಾಳಿನ ಮಹಾಕಾವ್ಯದ ಶೃಂಗಾರ ಪರ್ವ ಇಷ್ಟೇ. ಪ್ಲಾಸ್ಟರ್ ಗಟ್ಟಿಯಾಗುತ್ತಿದ್ದಂತೆ ಮುಗಿಯಿತು. ಮುಂದಿನ ವರ್ಷ ಅವಳಿಗೆ ಮದುವೆಯಾಯಿತು. ಎಲ್ಲರನ್ನೂ ಕರೆದಿದ್ದಳು. ಗವಿರಾಯನೂ ಹೋದ, ನಮ್ಮ ಜೊತೆ ಪಂಕ್ತಿಯಲ್ಲಿ ಕೂತು ಉಂಡ, ಮರುದಿನ ಬಂದು ಜಿಂಕೆಯ ಕಿವಿ ಹೊಲಿದ. ಅವನ ಮನಸ್ಸಿನಲ್ಲಿ ಏನಿತ್ತೆಂಬುದು ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾದದ್ದು ಜಿಂಕೆಯ ಕಿವಿ ತಲೆಕೆಳಗಾಗಿದ್ದರಿಂದ.

ಅಂದಿನಿಂದ ಪ್ರತಿ ಸೋಮವಾರ, ಬಾಗಿಲು ತೆರೆಯುವ ಮುಂಚೆ, ಅವನು ಗಾಜಿನ ಹಿಂದಿನ ಸಣ್ಣ ಬಾಗಿಲಿನಿಂದ ಗವಿಯೊಳಗೆ ತೂರುತ್ತಾನೆ. ತನ್ನದೇ ಮುಖವನ್ನು ಹಳೆ ಬನಿಯನ್ನಿನಿಂದ ಬರಬರ ಉಜ್ಜುತ್ತಾನೆ. ಅವಳ ಮುಖಕ್ಕೆ ಮಾತ್ರ ಮೃದುವಾದ ಬ್ರಷ್ಷು.

ಅವನ ಇನ್ನೊಂದು ಗವಿ ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ದಿನವಿಡೀ ಉಗಿಯೇಳುವುದರಿಂದ ನೆಲ ಬೆಚ್ಚಗಿರುತ್ತದೆ. ಭಾನುವಾರ ಅಂಗಡಿಗೆ ರಜೆ. ಅವತ್ತು ನೆಲವೂ ತಣ್ಣಗೆ, ಮನೆಯೂ ತಣ್ಣಗೆ. ಎರಡು ಕುರ್ಚಿಗಳಿದ್ದರೂ ಒಂದು ಅಂಗಿಗಳಿಗೆ ಮೀಸಲು. ಮಾತಿಗೆ ಒಂದು ಕೆಟಲು. ನೀರು ಕುದಿದು ಅದು ಸಿಳ್ಳೆ ಹಾಕಿದಾಗ "ಬಂದೆ ಬಂದೆ, ಸ್ವಲ್ಪ ತಾಳ್ಕೋ" ಎನ್ನುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಬೇರೆ ಯಾರಿಗೂ ಅವನು ಅಷ್ಟು ಸಲಿಗೆಯಿಂದ ಮಾತಾಡಿದ್ದು ಕಂಡಿಲ್ಲ.

ಈ ಏಕಾಂತ ಸಾಮ್ರಾಜ್ಯದ ಮೇಲೆ ಒಂದು ಭಾನುವಾರ ದಂಡೆತ್ತಿ ಬಂದವಳು ಅವನ ಅಕ್ಕನ ಮಗಳು. ಔಷಧಿ ಅಂಗಡಿಯಲ್ಲಿ ಕೆಲಸ, ನಾಲಿಗೆ ಚುರುಕು. ಅಮ್ಮ ಕಟ್ಟಿಕೊಟ್ಟ ಊಟದ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ ಕೈ ಚಾಚಿದಳು.

"ಮಾಮ, ಫೋನ್ ಕೊಡು ಇಲ್ಲಿ."

"ಯಾಕೆ? ಚೆನ್ನಾಗೇ ಓಡ್ತಿದೆಯಲ್ಲ."

"ಫೋನ್ ಓಡ್ತಿದೆ. ನೀನು ನಿಂತಿದ್ದೀಯ. ಕೊಡು."

ಜೋಡಿ ಹುಡುಕುವ ಆ್ಯಪು ಅವನ ಫೋನಿಗೆ ಇಳಿಯಿತು. ಅವಳು ಕೇಳುತ್ತ ಹೋದಳು, ಅವನು ಅಪರಾಧಿಯ ಹಾಗೆ ಉತ್ತರ ಕೊಡುತ್ತ ಹೋದ.

"ವಯಸ್ಸು ನಲವತ್ತು ಅಂತ ಹಾಕ್ಲಾ?"

"ನಲವತ್ತಾರು."

"ಗೊತ್ತು ಮಾಮ. ಹಾಕ್ಲಾ ಅಂದೆ."

"ನಲವತ್ತಾರು ಹಾಕು."

"ಸರಿ ಮಹಾರಾಯ. ಹವ್ಯಾಸ?"

"ಸತ್ತ ಪ್ರಾಣಿಗಳಿಗೆ ಕಣ್ಣು ಕೂರಿಸೋದು."

"ಅದನ್ನ ಬರೆದ್ರೆ ಪೊಲೀಸರು ಬರ್ತಾರೆ, ಹೆಂಗಸರು ಬರಲ್ಲ. 'ಕರಕುಶಲ ಕಲೆ' ಅಂತ ಹಾಕ್ತೀನಿ."

ಹೀಗೆ ಗವಿರಾಯ ಬೇಟೆಗೆ ಹೊರಟ. ಹೊರಟನೆಂದರೆ, ಕುರ್ಚಿಯಲ್ಲಿ ಕೂತು ಹೆಬ್ಬೆರಳು ಎತ್ತಿದ. ಮರುದಿನ ಚಹಾದ ಹೊತ್ತಿಗೆ ಆ ಆಯುಧವನ್ನು ನನಗೂ ತೋರಿಸಿದ. ಶಿಲಾಯುಗದವನು ಇಡೀ ಬಾಳಿನಲ್ಲಿ ಕಂಡ ಮುಖಗಳನ್ನೆಲ್ಲ ಒಟ್ಟುಗೂಡಿಸಿದರೂ ನಮ್ಮ ಬಸ್ಸು ನಿಲ್ದಾಣ ತುಂಬುತ್ತಿತ್ತೋ ಇಲ್ಲವೋ. ಇಲ್ಲಿ ಒಂದು ಲೋಟ ಚಹಾ ಮುಗಿಯುವುದರೊಳಗೆ ಅದಕ್ಕಿಂತ ಹೆಚ್ಚು ಮುಖಗಳು ಬಂದು, ಮುಗುಳ್ನಕ್ಕು, ಬೇಡವೆಂದು ಎಡಕ್ಕೆ ತಳ್ಳಿಸಿಕೊಂಡು ಹೋಗುತ್ತವೆ. ಅಂದು ನೀರಿನ ಹೊಂಡದ ಬಳಿ ಎರಡು ಗುಂಪು ಎದುರಾದರೆ ಒಬ್ಬರನ್ನೊಬ್ಬರು ಎಷ್ಟು ಹೊತ್ತು ನೋಡಿರಬಹುದು! ಇನ್ನೊಬ್ಬರು ಸಿಗುವುದಕ್ಕೆ ಮುಂದಿನ ಬೇಸಿಗೆ ಬರಬೇಕಾಗಿತ್ತೇನೋ. ಗಂಡಸರ ಮೆರೆದಾಟದಲ್ಲಿ ಮಾತ್ರ ಹೆಚ್ಚು ಬದಲಾವಣೆಯಿಲ್ಲ. ಜಿಂಕೆಯ ತೊಡೆ ಹೋಗಿ ಬೈಕು ಬಂದಿದೆ. ಒಬ್ಬ ಬೆಟ್ಟದ ತುದಿಯಲ್ಲಿ ನಿಂತಿದ್ದಾನೆ, ಒಬ್ಬ ಯಾರದೋ ಕಾರಿಗೆ ಒರಗಿದ್ದಾನೆ, ಇನ್ನೊಬ್ಬ ನಿಜವಾಗಿಯೂ ದೊಡ್ಡ ಮೀನೊಂದನ್ನು ಎತ್ತಿ ಹಿಡಿದಿದ್ದಾನೆ. ಇವೆಲ್ಲ ಔಷಧಿ ಅಂಗಡಿಯವಳು ತನ್ನ ಫೋನಿನಲ್ಲಿ ಮಾಮನಿಗೆ ತೋರಿಸಿದ ಪ್ರತಿಸ್ಪರ್ಧಿಗಳು.

ನಮ್ಮವನ ತೊಂದರೆ ಬೇರೆ. ಯಾರನ್ನೂ ಎಡಕ್ಕೆ ತಳ್ಳಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಒಬ್ಬೊಬ್ಬರಿಗೂ "ಕ್ಷಮಿಸಿ ತಾಯಿ" ಎಂದು ಬಾಯಿಬಿಟ್ಟು ಹೇಳಿ, ತಲೆ ತಗ್ಗಿಸಿ, ಆಮೇಲೆ ಬೆರಳು ಸರಿಸುತ್ತಿದ್ದ.

"ಅವರಿಗೆ ಕೇಳ್ಸಲ್ಲ ಕಣೋ," ಎಂದೆ.

"ನನಗೆ ಕೇಳ್ಸುತ್ತಲ್ಲ," ಎಂದ.

ಈ ಲೆಕ್ಕದಲ್ಲಿ ಅವನು ಮುದುಕನಾಗುವುದರೊಳಗೆ ಊರಿನ ಕಾಲು ಭಾಗಕ್ಕಷ್ಟೇ ಕ್ಷಮೆ ಕೇಳಿ ಮುಗಿಸುತ್ತಿದ್ದ. ಅಷ್ಟರಲ್ಲಿ ಪರದೆಯ ಮೇಲೆ ಅವಳು ಬಂದಳು. ಹಣೆಗೆ ಭೂತಗನ್ನಡಿ ಕಟ್ಟಿಕೊಂಡು, ಕೈಯಲ್ಲಿ ಯಾರದೋ ಹಲ್ಲಿನ ಸೆಟ್ಟು ಹಿಡಿದು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡ ಫೋಟೋ. ಕೆಳಗೆ ಎರಡೇ ಸಾಲು: "ದಂತವೈದ್ಯರಿಗೆ ಹಲ್ಲಿನ ಸೆಟ್ ಮಾಡಿಕೊಡುತ್ತೇನೆ. ಸುಳ್ಳು ಹೇಳುವವರು ದಯವಿಟ್ಟು ಬೇಡ."

ಇವಳನ್ನು ನಾನು ಅಂದೇ ದಂತರಾಣಿ ಎಂದು ಕರೆದೆ. ಗವಿರಾಯ ನಗಲಿಲ್ಲ. ಇಡೀ ಮಧ್ಯಾಹ್ನ ಒಂದು ಗೂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿ, ಜಗತ್ತಿನ ಪ್ರೇಮಪತ್ರಗಳ ಇತಿಹಾಸದಲ್ಲಿ ಹಿಂದೆಂದೂ ಇಲ್ಲದ ಒಂದು ವಾಕ್ಯವನ್ನು ಬರೆದು ಕಳಿಸಿದ: "ನೀವು ಯಾವ ಪ್ಲಾಸ್ಟರ್ ಬಳಸುತ್ತೀರಿ?"

ಉತ್ತರ ತಕ್ಷಣ ಬಂತು. ಉದ್ದವಾಗಿಯೂ ಬಂತು. ಅವಳ ಪ್ಲಾಸ್ಟರ್ ಹೆಚ್ಚು ನುಣುಪು, ಬೇಗ ಗಟ್ಟಿಯಾಗುವಂಥದ್ದು. ಗಾಳಿಗುಳ್ಳೆ ಏಳದಂತೆ ಅವಳ ಬಳಿ ನಡುಗುವ ಯಂತ್ರವೊಂದಿದೆ. ಇವನು ಮೇಜಿಗೆ ಗುದ್ದುತ್ತಾನೆ. ಗುದ್ದುವುದೇ ವಾಸಿ, ಯಂತ್ರದ ಸದ್ದಿಗೆ ತಲೆನೋವು ಎಂದು ಅವಳು. ಹಾಗಲ್ಲ, ಗುದ್ದಿ ಗುದ್ದಿ ಮುಂಗೈ ಹೋಗಿದೆ ಎಂದು ಇವನು. ಬೇರೆಯವರು ಚಂದ್ರ, ಕಡಲು, ಕವಿತೆ ಎಂದು ಬರೆಯುವ ಜಾಗದಲ್ಲಿ ಇವರಿಬ್ಬರು ಗಾಳಿಗುಳ್ಳೆಗಳ ಬಗ್ಗೆ ವಾರಗಟ್ಟಲೆ ಬರೆದುಕೊಂಡರು.

ಮೊದಲ ಭೇಟಿಗೆ ಗವಿರಾಯ ತನ್ನನ್ನು ತಾನೇ ದುರಸ್ತಿ ಮಾಡಿಕೊಂಡ. ಬೇರೆಯವರು ಕ್ಷೌರದಂಗಡಿಗೆ ಹೋಗುತ್ತಾರೆ. ಇವನು ಗೊಂಬೆಯ ಕಪಾಟು ತೆಗೆದು, ಗವಿಯ ಗಂಡನ ಹುಬ್ಬಿಗೆ ಹಚ್ಚುವ ಎಣ್ಣೆಬಣ್ಣವನ್ನೇ ಮೀಸೆಯ ನರೆಗೆ ಹಚ್ಚಿಕೊಂಡ. ಚಹಾದಂಗಡಿಯಲ್ಲಿ ಎದುರುಬದುರು ಕೂತರು. ಆಮೇಲಿನದನ್ನು ಅವನು ನನಗೆ ಎಷ್ಟು ಸಲ ಹೇಳಿದನೆಂದರೆ, ನಾನೇ ಹೋಗಿ ಕೂತು ಬಂದಂತಿದೆ.

ಅವಳು ಮೂಗು ಸೇದಿದಳು. "ಮೀಸೆಗೆ ಏನು ಹಚ್ಚಿದ್ದೀರಿ?"

ಗವಿರಾಯನ ಕೈ ಮೀಸೆಗೆ ಹೋಯಿತು. "ಎಣ್ಣೆಬಣ್ಣ. ಗೊಂಬೆಗೆ ಹಚ್ಚೋದು."

"ಟರ್ಪೆಂಟೈನ್ ವಾಸನೆ ಹೊಡೀತಿದೆ."

"ಎದ್ದು ಹೋಗ್ತೀರಾ?"

"ಯಾಕೆ ಹೋಗ್ಲಿ? ನನ್ನ ಕೈ ಮೂಸಿ ನೋಡಿ, ಸೆಟ್ಟಿಗೆ ಒಸಡು ಮಾಡೋ ಮಸಾಲೆ ವಾಸನೆ. ಬಸ್ಸಲ್ಲಿ ಪಕ್ಕದಲ್ಲಿ ಯಾರೂ ಕೂರಲ್ಲ. ಹಾಯಾಗಿ ಬರ್ತೀನಿ." ಲೋಟ ಕೆಳಗಿಟ್ಟು ಮತ್ತೆ ಹೇಳಿದಳಂತೆ, "ನಿಮಗಿಂತ ಮುಂಚೆ ಮೂರು ಜನ ಬಂದಿದ್ರು. ಒಬ್ಬರು ತಮ್ಮ ತಮ್ಮನ ಫೋಟೋ ಹಾಕಿದ್ರು. ಒಬ್ಬರಿಗೆ ಮನೇಲಿ ಹೆಂಡತಿ ಇದ್ರು. ಇನ್ನೊಬ್ಬರಿಗೆ ಹೆಂಡತಿ ಬೇಡ, ಪುಕ್ಕಟೆ ಹಲ್ಲಿನ ಸೆಟ್ ಬೇಕಿತ್ತು. ನೀವು ಮೀಸೆ ವಿಷಯಾನೂ ಒಪ್ಕೊಂಡ್ರಿ. ಇನ್ನೊಂದು ಚಹಾ ಹೇಳಿ."

ಅವಳಿಗೆ ನಲವತ್ತಮೂರು. ಚಿಕಿತ್ಸಾಲಯದ ಹಿಂಬದಿಯ, ಕಿಟಕಿಯಿಲ್ಲದ ಕೋಣೆಯಲ್ಲಿ ದಿನವಿಡೀ ಊರಿನವರ ಬಾಯಿಗಳ ಜೊತೆ ಕೂತಿರುತ್ತಾಳೆ. ಮಾತಾಡದ ಬಾಯಿಗಳು. ಬೀದಿಯಲ್ಲಿ ಎದುರಾದ ಮುದುಕರು ನಕ್ಕರೆ ಅವಳಿಗೆ ಮುಖ ಗುರುತಾಗುವುದಿಲ್ಲ, ಹಲ್ಲು ಗುರುತಾಗುತ್ತದೆ.

ಭೇಟಿಗಳು ನಡೆದವು. ಗವಿರಾಯನ ಅಂಗಿಗಳು ಎರಡನೆಯ ಕುರ್ಚಿಯಿಂದ ಇಳಿದು ಮೊಳೆಗೆ ಹೋದವು. ಅವನು ಹೊಸದೊಂದು ಲೋಟ ತಂದ. ತಂದವನು ಅದನ್ನು ನನಗೆ ತೋರಿಸಲೆಂದು ಚೀಲದಲ್ಲಿಟ್ಟುಕೊಂಡು ಕೆಲಸಕ್ಕೂ ಬಂದಿದ್ದ! ಡಬ್ಬಿ ತರುವ ಅಕ್ಕನ ಮಗಳನ್ನೂ ನನ್ನನ್ನೂ ಬಿಟ್ಟರೆ, ನಲವತ್ತಾರು ವರ್ಷದಲ್ಲಿ ಮೊದಲ ಬಾರಿ ಮನೆಗೆ ಒಬ್ಬರು ಬರುವವರಿದ್ದರು. ಬಂದರೆ ಉಳಿಯಲೂಬಹುದು. ಅವನಿಗೆ ಬೇಕಾಗಿದ್ದುದು ಅಷ್ಟೇ.

ಆದರೆ ದಂತರಾಣಿಗೆ ಎಲ್ಲದಕ್ಕೂ ಒಂದು ಕ್ರಮ. "ಮೊದಲು ನೀವು ಕೆಲಸ ಮಾಡೋ ಜಾಗ ತೋರಿಸಿ," ಎಂದಳು. "ಆಮೇಲೆ ಮನೆ. ಆಮೇಲೆ ನಿಮ್ಮ ಅಕ್ಕ. ಒಂದೊಂದಾಗಿ."

ಅವತ್ತಿನಿಂದ ಗವಿರಾಯನಿಗೆ ಕೈಕಾಲು ಆಡಲಿಲ್ಲ. ಅವಳು ಬರುವ ಹಿಂದಿನ ದಿನ ನನ್ನ ಮೇಜಿನ ಎದುರು ಬಂದು ನಿಂತ.

"ಗವಿ ಹತ್ರ ಕರ್ಕೊಂಡು ಹೋಗದೇ ಇದ್ರೆ?"

"ಶೌಚಾಲಯಕ್ಕೆ ಅದೇ ದಾರಿ. ಎಷ್ಟು ಹೊತ್ತು ತಡ್ಕೊಳ್ತಾರೆ ಅವರು? ಮೊದಲೇ ಹೇಳಿಬಿಡು."

"ಗಂಡಂದು ನನ್ನ ಮುಖ ಅಂತ ಹೇಳ್ತೀನಿ. ನಗ್ತಾರೆ. ಅದು ಸರಿ."

"ಹೆಂಡತಿದು ಯಾರೋ ಟೈಪಿಸ್ಟ್‌ದು ಅಂತ ಹೇಳು. ಮುಗೀತು."

ಅವನು ನನ್ನ ಮಸಿದೌತಿಯ ಮುಚ್ಚಳ ತಿರುಗಿಸಿದ, ಮತ್ತೆ ಬಿಚ್ಚಿದ. "ಯಾರೋ ಅಲ್ವಲ್ಲ," ಎಂದ.

ಮರುದಿನ ಅವಳು ಬಂದಾಗ ಗವಿಯ ಎದುರಿನ ಫಲಕದ ಗಾಜು ತೀರಾ ಕೊಳೆಯಾಗಿದೆಯೆಂದು ನನಗೆ ಹಠಾತ್ತನೆ ಅನಿಸಿತು. ಅದನ್ನು ಒರೆಸುತ್ತ ನಿಂತೆ. ನಾನು ಸೇವೆಗೆ ಸೇರಿದ ಮೇಲೆ ಆ ಗಾಜನ್ನು ಯಾರಾದರೂ ಒರೆಸಿದ್ದು ಅದೇ ಮೊದಲು.

ಚಿಕ್ಕ ಆಳು, ದೊಡ್ಡ ಚೀಲ, ಸದ್ದಿಲ್ಲದ ಚಪ್ಪಲಿ. ತಿಮಿಂಗಿಲದ ಹಲ್ಲು ಎಣಿಸಿದಳು. ನರಿಯ ಬಾಯೊಳಗೆ ಇಣುಕಿ "ಕೋರೆ ಉಲ್ಟಾ ಕೂರಿಸಿದ್ದೀರಿ" ಎಂದಳು. ಗವಿರಾಯ ಕಿವಿಯಿಂದ ಕಿವಿಗೆ ಹಲ್ಲು ಕಿರಿದ. ಅವನನ್ನು ಅಷ್ಟು ಸುಖವಾಗಿ ನಾನು ಕಂಡಿರಲಿಲ್ಲ. ಆಮೇಲೆ ಇಬ್ಬರೂ ಮೂಲೆಗೆ ತಿರುಗಿದರು.

"ಅಯ್ಯೋ!" ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಇದು ನಿಮ್ಮದೇ ಅಚ್ಚು! ಕೂದಲು ಮಾತ್ರ ಇವನಿಗೆ ಜಾಸ್ತಿ."

"ಆಗ ನನಗೂ ಇತ್ತು."

"ಮಾಂಸ ತಂದಿದ್ದಾನೆ, ಪಾಪ. ನೀವು ಮೊನ್ನೆ ಬಿಸ್ಕತ್ತು ತಂದ ಹಾಗೆ." ನಗುತ್ತಲೇ ಗಾಜಿಗೆ ಹಣೆಯಾನಿಸಿ ಬೆಂಕಿಯ ಮುಂದಿನವಳನ್ನು ನೋಡಿದಳು. ನೋಡುತ್ತ ನೋಡುತ್ತ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. ನಾನು ಗಾಜು ಒರೆಸುವುದನ್ನು ನಿಲ್ಲಿಸಿದೆ.

"ಇದು ಯಾರ ಅಚ್ಚು?"

ಕೆಂಪು ಬಲ್ಬು ಒಮ್ಮೆ ಮಿಣುಕಿತು.

"ಎಡಗಡೆ ಕೋರೆಹಲ್ಲು ಸ್ವಲ್ಪ ಮುಂದಿದೆ ಇವರಿಗೆ," ಎಂದಳು. "ಬಾಯಿ ಮುಚ್ಚಿದ್ರೂ ತುಟಿ ಹೇಳುತ್ತೆ. ಮತ್ತೆ, ನಗು ತಡ್ಕೊಂಡಿದ್ದಾರೆ. ಕೆನ್ನೆ ನೋಡಿ. ಯಾರು?"

"ಯಾರದ್ದೂ ಅಲ್ಲ," ಎಂದ ಗವಿರಾಯ. "ಸುಮ್ನೆ ಕೈಯಲ್ಲೇ ಮಾಡಿದ್ದು."

ಈ ಭೂಮಂಡಲದಲ್ಲಿ ಕೋಟ್ಯಂತರ ಹೆಂಗಸರಿದ್ದಾರೆ. ಅವರಲ್ಲಿ ಯಾರಿಗೆ ಬೇಕಾದರೂ ಈ ಸುಳ್ಳು ಹೇಳಿ ದಕ್ಕಿಸಿಕೊಳ್ಳಬಹುದಿತ್ತು. ಅವನು ಆರಿಸಿಕೊಂಡದ್ದು, ಹಗಲಿಡೀ ಅಚ್ಚುಗಳನ್ನೇ ನೋಡುವ, ಕೈಯಲ್ಲಿ ಮಾಡಿದ ತುಟಿ ಯಾವುದು, ಜೀವಂತ ತುಟಿಯ ಮೇಲಿಂದ ಎತ್ತಿದ್ದು ಯಾವುದು ಎಂದು ಕತ್ತಲಲ್ಲೂ ಬೆರಳಾಡಿಸಿ ಹೇಳಬಲ್ಲ ಒಬ್ಬಳನ್ನು. ಪ್ಲಾಸ್ಟರಿನವನು ಪ್ಲಾಸ್ಟರಿನವಳಿಗೆ ಪ್ಲಾಸ್ಟರಿನ ಬಗ್ಗೆಯೇ ಸುಳ್ಳು ಹೇಳಿದ. ಇಂಥ ಪರಾಕ್ರಮ ಗವಿರಾಯನಿಗಲ್ಲದೆ ಬೇರೆ ಯಾರಿಗೆ ಸಾಧ್ಯ?

ಅವಳು ಜಗಳವಾಡಲಿಲ್ಲ. ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟಳು. ಉಳಿದ ಕೋಣೆಗಳನ್ನೂ ನೋಡಿದಳು, ಚಿಟ್ಟೆಗಳನ್ನು ಹೊಗಳಿದಳು. ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ನನಗೂ ಒಂದು ನಮಸ್ಕಾರ ಹೇಳಿ, "ಗಾಜು ಚೆನ್ನಾಗಿ ಒರೆಸಿದ್ದೀರಿ," ಎಂದಳು.

ಅಂದಿನಿಂದ ಅವಳಿಂದ ಒಂದಕ್ಷರ ಬರಲಿಲ್ಲ. ಹಳೆಯ ಹಲ್ಲುಗಳನ್ನು ಪರೀಕ್ಷಿಸಿದ ತಜ್ಞರು, ಬಹಳ ಹಿಂದೆ ಕೆಲವೆಡೆ ಹೆಣ್ಣುಗಳು ಹುಟ್ಟಿದ ಜಾಗ ಬಿಟ್ಟು ಬೇರೆ ಗುಂಪು ಸೇರುತ್ತಿದ್ದಿರಬಹುದು ಎನ್ನುತ್ತಾರೆ. ಚಿಕ್ಕಂದಿನಲ್ಲಿ ಕುಡಿದ ನೀರಿನ ಗುರುತು ಹಲ್ಲಿನಲ್ಲಿ ಉಳಿಯುತ್ತದಂತೆ. ಯಾವ ಬೆಟ್ಟ ದಾಟಿ ಬಂದಳೆಂಬುದನ್ನು ಹಲ್ಲು ಹೇಳುತ್ತದೆ, ಯಾಕೆ ಬಂದಳೆಂಬುದನ್ನು ಹೇಳುವುದಿಲ್ಲ. ಬರಲೆಂದು ಹೊರಟು ಅರ್ಧ ದಾರಿಯಿಂದ ಹಿಂದಿರುಗಿದವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಒಂದು ಬೆಳಿಗ್ಗೆ ಗವಿರಾಯ ಮರದ ಸುತ್ತಿಗೆ ಹಿಡಿದು ಗವಿಯ ಕಡೆಗೆ ಹೊರಟದ್ದನ್ನು ನೋಡಿ ನಾನು ಓಡಿದೆ. ಕೊನೆಗೂ ನಮ್ಮ ಸಂದರ್ಶಕರು ಕೇಳುತ್ತಿದ್ದ ದೊಣ್ಣೆ ಸಿಕ್ಕಿತ್ತು.

"ಏನು ಮಾಡ್ತೀಯ?"

"ಒಡೀತೀನಿ. ಒಡೆದು ಆ ಚೂರು ತಗೊಂಡು ಹೋಗಿ ಅವರ ಮುಂದೆ ಇಡ್ತೀನಿ."

"ಮೊದಲು ಕೇಳ್ಕೊಂಡು ಬಾ, ಚೂರು ಬೇಕಾ ಅಂತ. ಆಮೇಲೆ ಒಡೆಯುವೆಯಂತೆ. ಗೊಂಬೆ ಎಲ್ಲೂ ಓಡಿ ಹೋಗಲ್ಲ."

ಮಧ್ಯಾಹ್ನದ ಊಟದ ವಿರಾಮದಲ್ಲಿ ಅವನು ಚಿಕಿತ್ಸಾಲಯದ ಹಿಂಬಾಗಿಲಿಗೆ ಹೋದ. ಅವಳು ಮೇಣ ಕಾಯಿಸುತ್ತಿದ್ದಳು. ಕೂರಲು ಹೇಳಿದಳು. ಅವನು ನಿಂತೇ ಹೇಳಿದ: ಟೈಪಿಸ್ಟ್, ಕೊಳವೆ, ಕೈ, ಮದುವೆಯ ಊಟ, ಸೋಮವಾರದ ಬ್ರಷ್ಷು. ಹತ್ತೊಂಬತ್ತು ವರ್ಷ ಹೇಳದಿದ್ದದ್ದು ಮೇಣ ಕರಗುವಷ್ಟರಲ್ಲಿ ಮುಗಿದುಹೋಯಿತು. ತಾನೇ ಬೆರಗಾದನಂತೆ, ಇಷ್ಟೇನಾ ಎಂದು.

"ಈಗ ಹೇಳಿದ್ರಲ್ಲ, ಒಳ್ಳೇದು," ಎಂದಳು ಅವಳು.

"ಸುಳ್ಳು ಹೇಳಿದ್ದಕ್ಕೆ ಬೇಜಾರಾಯ್ತಾ?"

"ಸುಳ್ಳಿಗೆ ಅಲ್ಲ." ಅವಳು ಒಲೆ ಆರಿಸಿದಳು. "ನಿಜವಾಗ್ಲೂ ಅವರು ಯಾರೂ ಅಲ್ದೇ ಇದ್ದಿದ್ರೆ, ಯಾರೋ ಟೈಪಿಸ್ಟ್ ಅಂತಿದ್ರಿ. ನಾನು ಮರ್ತೂ ಬಿಡ್ತಿದ್ದೆ. ನೀವು ಯಾರದ್ದೂ ಅಲ್ಲ ಅಂದ್ರಿ. ಆಗಲೇ ಗೊತ್ತಾಯ್ತು, ಬಹಳ ಜನ ಇದ್ದಾರೆ ಅಲ್ಲಿ ಒಳಗೆ ಅಂತ."

"ಒಬ್ಬಳೇ. ಅದೂ ಗೊಂಬೆ."

"ಗೊಂಬೆಗೆ ವಯಸ್ಸಾಗಲ್ಲ. ಎದುರು ಮಾತಾಡಲ್ಲ. ವಾರಕ್ಕೊಂದು ಸಲ ಮುಖ ಒರೆಸಿದ್ರೆ ಸಾಕು. ನಾನು ಹಾಗಲ್ಲ."

"ಒಡೆದುಬಿಡ್ತೀನಿ."

"ಬೇಡ," ಎಂದಳಂತೆ, ಥಟ್ಟನೆ. "ಒಡೆದು ಬಂದು ನನಗೆ ಹೇಳ್ಬೇಡಿ. ಅದು ಇನ್ನೂ ಕೆಟ್ಟದ್ದು. ಪಾಪ, ಅವರೇನು ಮಾಡಿದ್ದಾರೆ? ನಕ್ಕಿದ್ದಾರೆ, ಅಷ್ಟೇ."

ಶಿಲಾಯುಗದ ಗಂಡು ಇನ್ನೊಂದು ಜಿಂಕೆ ತಂದು ಹಾಕುತ್ತಿದ್ದನೋ ಏನೋ. ಇವನ ಕೈಯಲ್ಲಿದ್ದುದು ಬಿಸ್ಕತ್ತಿನ ಪೊಟ್ಟಣ. ಅದನ್ನು ಕಪಾಟಿನ ಮೇಲೆ, ಸಾಲಾಗಿ ನಿಂತ ಬಾಯಿಗಳ ಪಕ್ಕದಲ್ಲಿಟ್ಟ.

"ಒಂಟಿಯಾಗಿ ಇರೋದು ನನಗೆ ಗೊತ್ತು," ಎಂದಳು ಅವಳು, ಅವನ ಮುಖ ನೋಡದೆ. "ಚೆನ್ನಾಗೇ ಗೊತ್ತು. ಮೂರನೆಯವಳಾಗಿ ಇರೋದು ಗೊತ್ತಿಲ್ಲ. ಈ ವಯಸ್ಸಲ್ಲಿ ಕಲಿಯೋಕೆ ಮನಸ್ಸೂ ಇಲ್ಲ. ಊಟ ಮಾಡಿದ್ರಾ?"

"ಆಯ್ತು," ಎಂದ. ಆಗಿರಲಿಲ್ಲ.

ಇದನ್ನೆಲ್ಲ ಅವನು ನನಗೆ ಹೇಳಿದ್ದು ಗೂಬೆಗೆ ಕಣ್ಣು ಅಂಟಿಸುತ್ತ. ನಾನು ತಮಾಷೆ ಮಾಡಲು ಏನಾದರೂ ಸಿಗುತ್ತದೋ ಎಂದು ಹುಡುಕಿದೆ. ಸಿಗದೆ, ಅವನಿಗೆ ಅಂಟಿನ ಡಬ್ಬಿ ಹಿಡಿದುಕೊಂಡು ನಿಂತೆ.

ಶಿಲಾಯುಗದಲ್ಲಿ ಬೇರೆ ಗುಂಪಿನವಳು ಒಲ್ಲೆನೆಂದರೆ ಬೆಟ್ಟ ದಾಟಿ ಹೋಗುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಈಗಿನವರು ಎಲ್ಲಿಗೂ ಹೋಗುವುದಿಲ್ಲ. ಫೋನಿನಲ್ಲಿ ಅವಳ ಫೋಟೋದ ಮೂಲೆಗೆ ಒಂದು ಹಸಿರು ಚುಕ್ಕೆ. ಅವಳು ಆ ಹೊತ್ತಿಗೆ ಫೋನು ಕೈಲಿ ಹಿಡಿದಿದ್ದರೆ ಅದು ಹೊತ್ತಿಕೊಳ್ಳುತ್ತದೆ, ಕೆಳಗಿಟ್ಟರೆ ಆರುತ್ತದೆ. ಗವಿರಾಯ ಕೆಲಸ ಮುಗಿಸಿ ಮನೆಗೆ ಹೋಗಿ, ಕೈಕಾಲು ತೊಳೆದು, ಆ ಚುಕ್ಕೆಯ ಮುಂದೆ ಕೂರತೊಡಗಿದ. ಬಸ್ಸಿನಲ್ಲಿದ್ದಾಗ ಹಸಿರು. ಅಡುಗೆ ಮಾಡುವಾಗ ಇಲ್ಲ. ಊಟ ಒಬ್ಬಳೇ ಮಾಡುವವಳಾದ್ದರಿಂದ ಆಗ ಮತ್ತೆ ಹಸಿರು.

ಭಾನುವಾರ ಡಬ್ಬಿ ತಂದ ಅಕ್ಕನ ಮಗಳು ಬಾಗಿಲಲ್ಲೇ ನಿಂತು ಇದನ್ನು ನೋಡಿದಳು.

"ಏನು ಮಾಮ ಇದು? ಎಷ್ಟು ಹೊತ್ತಿಂದ?"

ಅವನು ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಅವಳ ಕಡೆಗೆ ತಳ್ಳಿದ. "ತೆಗೆದುಬಿಡಮ್ಮ ಇದನ್ನ. ಪೂರ್ತಿ. ನನಗೆ ತೆಗೆಯೋಕೆ ಬರಲ್ಲ."

"ಇನ್ನೊಬ್ಬರನ್ನ ನೋಡೋಣ ಬಿಡು. ಎಷ್ಟೊಂದು ಜನ ಇದ್ದಾರೆ."

"ಅದಕ್ಕಲ್ಲ. ಕೇಳದೇನೇ ಒಬ್ಬರ ಮುಖ ಇಟ್ಕೊಂಡು ಕೂತಿದ್ದೆ ಇಷ್ಟು ವರ್ಷ. ಇನ್ನೊಬ್ಬರದ್ದೂ ಯಾಕೆ?"

ಅವಳಿಗೆ ಪೂರ್ತಿ ಅರ್ಥವಾಗಲಿಲ್ಲ. ಮಾಮನ ಮುಖ ನೋಡಿ ಎದುರು ಮಾತೂ ಆಡಲಿಲ್ಲ. ಖಾಲಿಯಿದ್ದ ಎರಡನೆಯ ಕುರ್ಚಿಯಲ್ಲಿ ಕೂತು ಒತ್ತುತ್ತ ಹೋದಳು. ಆ್ಯಪು ಸುಲಭವಾಗಿ ಬಿಡುವ ಆಸಾಮಿಯಲ್ಲ. ನಿಜವಾಗಿಯೂ ಹೋಗುತ್ತೀರಾ ಎಂದು ಕೇಳಿತು. ಮತ್ತೊಮ್ಮೆ ಕೇಳಿತು. ಆಮೇಲೆ ಕಾರಣ ಕೇಳಿತು.

"ಯಾವುದಾದ್ರೂ ಒಂದು ಒತ್ತಬೇಕು ಮಾಮ," ಎಂದು ಓದಿದಳು. "'ಆ್ಯಪ್ ಇಷ್ಟವಾಗಲಿಲ್ಲ', 'ಸಂಗಾತಿ ಸಿಕ್ಕರು', 'ಇತರೆ'. ಇತರೆ ಒತ್ತಲಾ?"

ಕೆಳಗೆ ಅಂಗಡಿ ಮುಚ್ಚಿತ್ತು. ಅವನು ಕಾಲುಗಳನ್ನು ತಣ್ಣನೆಯ ನೆಲದಿಂದೆತ್ತಿ ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟುಕೊಂಡ.

"ಸಂಗಾತಿ ಸಿಕ್ಕರು ಅಂತ ಒತ್ತು," ಎಂದ.

"ಮಾಮ..."

"ಸಿಕ್ಕಿದ್ದು ನಿಜ ತಾನೆ? ಒತ್ತು."

ಅವಳು ಒತ್ತಿದಳು. "ಹೃತ್ಪೂರ್ವಕ ಅಭಿನಂದನೆಗಳು" ಎಂದು ಅಕ್ಷರ ಮೂಡಿತು. ಪುಟ್ಟದೊಂದು ತುತ್ತೂರಿ ಮೊಳಗಿತು. ಪರದೆಯ ಮೇಲಿನಿಂದ ಬಣ್ಣಬಣ್ಣದ ಕಾಗದದ ಚೂರುಗಳು ಉದುರತೊಡಗಿದವು. ಕೆಂಪು, ಹಳದಿ, ನೀಲಿ, ಮುಗಿಯುವಂತೆಯೇ ಕಾಣಲಿಲ್ಲ. ಮಾಮನೂ ಅಕ್ಕನ ಮಗಳೂ ತಲೆಗೆ ತಲೆ ತಾಗಿಸಿ, ಅವೆಲ್ಲ ಉದುರಿ ಮುಗಿಯುವವರೆಗೆ ನೋಡುತ್ತ ಕೂತರು.